ನಿಂತ ಸ್ವರ, ನಡೆವ ಸ್ವರ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಕೇಳದವರು ವಿರಳ. ಮುಖ್ಯ ಗಾಯಕನ ಹೆಗಲಿಗೆ ತಂಬೂರಿ. ಜೊತೆಗಾರರ ಕೈಯಲ್ಲಿ ಡಕ್ಕೆ, ಗಗ್ಗರ, ತಾಳ. ಹಾಡು ಏರುತ್ತದೆ, ಇಳಿಯುತ್ತದೆ. ತಂಬೂರಿಯ ಷಡ್ಜ ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನು ಶ್ರುತಿಯೆಂದಷ್ಟೇ ಕರೆದು ನಾವು ಸುಮ್ಮನಾಗುತ್ತೇವೆ. ಎರಡು ದನಿಗಳು ಪರಸ್ಪರ ಹೇಗೆ ಚಲಿಸಬೇಕೆಂಬ ಪ್ರಶ್ನೆಗೆ ಅದೊಂದು ಉತ್ತರವೂ ಹೌದು. ಒಂದು ನಿಂತು ಇನ್ನೊಂದು ನಡೆಯುವ ಈ ರೀತಿಯನ್ನು ಪಾಶ್ಚಾತ್ಯ ಸಂಗೀತಶಾಸ್ತ್ರ ಓರೆ ಚಲನೆ ಎನ್ನುತ್ತದೆ.

ನಿಂತ ಸ್ವರ ನಿಷ್ಕ್ರಿಯವೆಂದು ಭಾವಿಸಲಾಗದು. ಗಾಯಕನು ರಿಷಭಕ್ಕೆ ಬಂದಾಗ ಷಡ್ಜವು ಅದರೊಡನೆ ತಿಕ್ಕಾಡುತ್ತದೆ. ಪಂಚಮಕ್ಕೆ ಬಂದಾಗ ಒಲಿದು ಬೆರೆಯುತ್ತದೆ. ಸಂತ ತೋಮಾಸ್ ಅಕ್ವಿನಾಸರು ಕೊಡುವ ಕಂಬದ ಉದಾಹರಣೆ ಇಲ್ಲಿ ನೆನಪಾಗುತ್ತದೆ: ಪ್ರಾಣಿಯೊಂದು ಸುತ್ತ ನಡೆದರೆ ಕಂಬವು ಅದರ ಎಡಕ್ಕೂ ಬಲಕ್ಕೂ ಬರುತ್ತದೆ, ಕಂಬ ಮಾತ್ರ ಕದಲಿರುವುದಿಲ್ಲ.

ಭಾನುವಾರದ ಬಲಿಪೂಜೆಯಲ್ಲಿ ಕಿವಿಗೊಟ್ಟು ನೋಡಿ. ಗಂಡಸರೂ ಹೆಂಗಸರೂ ಒಂದೇ ಗೀತೆಯನ್ನು ಒಂದು ಸ್ಥಾಯಿಯ ಅಂತರದಲ್ಲಿ ಹಾಡುತ್ತಾರೆ. ಅಂತರ ಕೊನೆಯವರೆಗೂ ಮಾರ್ಪಡದು. ಇದು ಸಮಾಂತರ ಚಲನೆ. ಕಿವಿಗೆ ಕೇಳುವುದು ಒಂದೇ ಹಾಡು. ಸ-ರಿ-ಗ ಜೊತೆಗೆ ಪ-ದ-ನಿ ಹಾಡಿದರೂ ಬಹುಮಟ್ಟಿಗೆ ಹೀಗೆಯೇ. ಒಂಬತ್ತನೆಯ ಶತಮಾನದ ‘ಮೂಸಿಕಾ ಎಂಕಿರಿಯಾದಿಸ್’ ಎಂಬ ಲತೀನ್ ಗ್ರಂಥವು ಇಂಥ ಜೋಡಿಗಾನವನ್ನು ವಿವರಿಸುತ್ತದೆ. ಕರ್ಕಶ ಅಂತರ ಎದುರಾಗುವ ಕಡೆ ಕೆಳದನಿ ಒಂದೇ ಸ್ವರದಲ್ಲಿ ನಿಲ್ಲಲಿ ಎನ್ನುವುದೂ ಅದೇ ಗ್ರಂಥ. ತಂಬೂರಿಯ ಉಪಾಯವನ್ನು ಯುರೋಪಿನ ದೇವಾಲಯಗಳೂ ಬಲ್ಲವು! ಮುಂದೆ 1725ರಲ್ಲಿ ಯೋಹಾನ್ ಯೋಸೆಫ್ ಫುಕ್ಸ್ ತನ್ನ ಪಠ್ಯದಲ್ಲಿ ನಿಯಮವನ್ನೇ ವಿಧಿಸಿದನು: ಸ-ಪದಂಥ ಪೂರ್ಣ ಸಂವಾದವನ್ನು ಎದುರು ಚಲನೆಯಿಂದ ಇಲ್ಲವೇ ಓರೆ ಚಲನೆಯಿಂದ ಮಾತ್ರ ಮುಟ್ಟಬೇಕು. ಸಮಾಂತರವಾಗಿ ಸಾಗಿದರೆ ಎರಡನೆಯ ದನಿ ತನ್ನತನವನ್ನು ಕಳೆದುಕೊಳ್ಳುತ್ತದೆ.

ಈಗ ಗಾಯನವೃಂದಗಳಿಗೆ ಕೀಬೋರ್ಡ್ ಬಂದಿದೆ. ಬರಲಿ. ಆದರೆ ಅದರೊಂದಿಗೆ ಶ್ರುತಿಯನ್ನು ಹೊರಗಟ್ಟುವುದೂ, ಎರಡನೆಯ ದನಿಯನ್ನು ಮೊದಲನೆಯದರ ನೆರಳಾಗಿ ಓಡಿಸುವುದೂ ಸರಿಯೆನಿಸದು. ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ. ನಮ್ಮ ಯುವಕ ಯುವತಿಯರು ಒಂದು ಸಂಜೆ ಶ್ರುತಿಪೆಟ್ಟಿಗೆಯನ್ನಿಟ್ಟುಕೊಂಡು ಪ್ರಯತ್ನಿಸಲಿ, ಇಬ್ಬರಿದ್ದರೆ ಸಾಕು. ಇಬ್ಬರೂ ಒಂದೇ ಗಾಂಧಾರದಿಂದ ಹೊರಡಬೇಕು. ಒಬ್ಬರು ಗ-ಮ-ಪ ಎಂದು ಏರುವಾಗ ಇನ್ನೊಬ್ಬರು ಗ-ರಿ-ಸ ಎಂದು ಇಳಿಯಬೇಕು. ಕೊನೆಯಲ್ಲಿ ಕೆಳದನಿ ಷಡ್ಜಕ್ಕೆ ಬಂದು, ಅಷ್ಟು ಹೊತ್ತೂ ಅಲ್ಲಿಯೇ ಕಾದಿದ್ದ ಶ್ರುತಿಯನ್ನು ಸೇರುತ್ತದೆ.