ಗುಡ್ಡದ ಹುಲ್ಲು, ಕೆರೆಯ ನೀರು

ಜಗಳೂರು ಸೀಮೆಯವರಿಗೆ ತುಂಗಭದ್ರೆ ಈಗ ದೂರದ ಹೊಳೆಯಲ್ಲ. ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ಎತ್ತುವುದು ಅದೇ ನೀರನ್ನು. ಅದರ ಜಾಡು ಹಿಡಿದು ಮೇಲೇರಿದರೆ ಕುದುರೆಮುಖ ಸೀಮೆಯ ಗಂಗಾಮೂಲ ಸಿಗುತ್ತದೆ. ಅಲ್ಲಿ ಕಣಿವೆಯಲ್ಲಿ ಶೋಲಾ ಕಾಡು, ಗುಡ್ಡದ ನೆತ್ತಿಯಲ್ಲಿ ಹುಲ್ಲುಗಾವಲು.

ಒತ್ತಾಗಿ ಬೆಳೆದ ಹುಲ್ಲಿನ ಬುಡ ಮಳೆನೀರಿನ ಓಟ ತಗ್ಗಿಸುತ್ತದೆ. ಮಣ್ಣು ಅದನ್ನು ಹೀರಿ ನಿಧಾನಕ್ಕೆ ಹಳ್ಳಕ್ಕೆ ಬಿಡುತ್ತದೆ. ಬೇಸಿಗೆ ಹೊತ್ತಿಗೆ ಹುಲ್ಲು ಒಣಗುವುದರಿಂದ ಅದಕ್ಕೆ ನೀರು ಹೆಚ್ಚು ಬೇಕಿಲ್ಲ. ಇಂಥ ಹುಲ್ಲುಗಾವಲಿನಲ್ಲಿ ನೆಡುವ ಅಕೇಶಿಯಾ, ನೀಲಗಿರಿ ಮರಗಳು ಹಾಗಲ್ಲ. ವರ್ಷವಿಡೀ ಹಸಿರಾಗಿದ್ದು, ಬೇರಿಳಿಸಿ, ಬಿರುಬೇಸಿಗೆಯಲ್ಲೂ ಕುಡಿಯುತ್ತಲೇ ಇರುತ್ತವೆ. ಸುರಿದ ಮಳೆಯಲ್ಲೂ ಒಂದಷ್ಟು ಎಲೆಯ ಮೇಲೇ ಆರಿಹೋಗುತ್ತದೆ. ಊಟಿ ಬಳಿ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟು ಅಳೆದಾಗ, ಮೊದಲ ಹತ್ತು ವರ್ಷದಲ್ಲಿ ಹಳ್ಳದ ನೀರು ಶೇ 16ರಷ್ಟು ಇಳಿದಿತ್ತು. ಕಡಿದ ಬುಡ ಮತ್ತೆ ಚಿಗುರಿ ಬೆಳೆದ ಎರಡನೇ ಸುತ್ತಿನಲ್ಲಿ ಇಳಿಕೆ ಶೇ 25 ಮುಟ್ಟಿತು.

ಹಾಗಾದರೆ ನೆಡುತೋಪು ಕೈಬಿಟ್ಟರೆ ಸಾಕೇ? ಸಾಲದು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ಅರಣ್ಯಭೂಮಿಯನ್ನೇ ನೋಡಿ. ಕಾರ್ಖಾನೆ ನಿಂತರೂ ಅಕೇಶಿಯಾ ನಿಲ್ಲಲಿಲ್ಲ; 2020ರಲ್ಲಿ ಗುತ್ತಿಗೆ ಮುಗಿದಾಗ ಮುಂದುವರಿಸಬೇಡಿ ಎಂದು ಮಲೆನಾಡಿನವರು ಹೋರಾಟಕ್ಕಿಳಿದರು. ಅಕೇಶಿಯಾ ಬೀಜದ ಸಿಪ್ಪೆ ಬಲು ಗಟ್ಟಿ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ಬೆಂಕಿ ತಾಗಿದರೆ ಒಮ್ಮೆಲೇ ಮೊಳೆಯುತ್ತದೆ. ಅಕೇಶಿಯಾದ ಬೇರು ಮಣ್ಣಿಗೆ ಸಾರಜನಕ ತುಂಬುವುದರಿಂದ, ಮರ ಹೋದ ಜಾಗಕ್ಕೆ ಮೊದಲು ನುಗ್ಗುವುದು ಕಳೆ, ಹಳೆಯ ಹುಲ್ಲಲ್ಲ.

ಆದ್ದರಿಂದ ಕಡಿಯುವುದು ಕೆಲಸದ ಸಣ್ಣ ಪಾಲು. ಇಳಿಜಾರಿನಲ್ಲಿ ಜೆಸಿಬಿ ಇಳಿಸಿ ಬುಡ ಕೀಳಬಾರದು, ಮಣ್ಣು ಕೊಚ್ಚಿಹೋಗುತ್ತದೆ. ಒಂದೇ ಸಲ ಎಲ್ಲವನ್ನೂ ಬೋಳಿಸದೆ ಹಂತಹಂತವಾಗಿ ತೆಗೆಯಬೇಕು. ಬುಡದ ಚಿಗುರು ಮುರಿಯಬೇಕು, ಪ್ರತಿ ಮಳೆಗಾಲದಲ್ಲೂ ಎಳೆಸಸಿ ಕೀಳಬೇಕು, ಬೋಳುಬಿದ್ದಲ್ಲಿ ಆ ಗುಡ್ಡದ್ದೇ ಹುಲ್ಲಿನ ಬುಡ ತಂದು ನಾಟಿ ಮಾಡಬೇಕು. ಕಣಿವೆಯಲ್ಲಿ ತಾನಾಗಿ ಬರುತ್ತಿರುವ ಶೋಲಾ ಗಿಡ ಮುಟ್ಟಬಾರದು. ದಕ್ಷಿಣ ಆಫ್ರಿಕಾ 1995ರಲ್ಲಿ ಇದಕ್ಕೆಂದೇ ಸರ್ಕಾರಿ ಯೋಜನೆ ತಂದು, ಹೊರಗಿನ ಮರ ಕಡಿಯುವ ಕೂಲಿಯನ್ನು ಹಳ್ಳಿಯವರಿಗೇ ಕೊಟ್ಟಿತು. ನಮ್ಮಲ್ಲೂ ಆಗಬೇಕಾದ್ದು ಅದೇ.

ಮರ ಹೋದ ಮೇಲೆ ನೀರು ಬೇಗ ಚೇತರಿಸಿಕೊಳ್ಳಬಹುದು, ಹುಲ್ಲಿನ ವೈವಿಧ್ಯಕ್ಕೆ ದಶಕಗಳೇ ಬೇಕು. ಕಳೆದುಕೊಳ್ಳದಿರುವುದೇ ಅಗ್ಗ. ಜಗಳೂರಿನ ಕಾವಲು, ಗೋಮಾಳಗಳಿಗೂ ಈ ಮಾತು ಸಲ್ಲುತ್ತದೆ. ನಿಮ್ಮೂರ ಗುಡ್ಡಕ್ಕೆ ಯಾರಾದರೂ ಸಸಿ ಹೊತ್ತು ತಂದರೆ, ಇಲ್ಲಿ ಮೊದಲು ಏನಿತ್ತು ಎಂದು ಊರಿನ ಕುರಿಗಾಹಿಗಳನ್ನು ಕೇಳಿ, ಆಮೇಲೆ ಗುಂಡಿ ತೋಡಲು ಬಿಡಿ.