ಹೂದಾನಿಯ ಬಣ್ಣ

ಸ್ನೇಹಿತರೊಬ್ಬರು ಜಪಾನಿನಿಂದ ತಂದುಕೊಟ್ಟ ಕಂಚಿನ ಹೂದಾನಿಯೊಂದನ್ನು ನಾನೇ ಕೈಯಾರೆ ಕೆಡಿಸಿದವನು. ಗೇಣುದ್ದದ ಪಾತ್ರೆ, ಚಿತ್ತಾರವಿಲ್ಲ, ಮೈಯೆಲ್ಲ ಕಪ್ಪುಗಂದು. ಹಬ್ಬದ ಮುನ್ನಾದಿನ ದೇವರ ಪಾತ್ರೆಗಳೊಡನೆ ಅದಕ್ಕೂ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಥಳಥಳಿಸುವ ಹೂದಾನಿಯನ್ನು ಕಂಡು ಸ್ನೇಹಿತರು ಮಾತಾಡಲಿಲ್ಲ. ನಾನು ತೊಳೆದದ್ದು ಕೊಳೆಯನ್ನಲ್ಲ, ಕುಶಲಿಯ ಅರ್ಧ ಕೆಲಸವನ್ನು ಎಂಬುದು ತಿಳಿದದ್ದು ಅನಂತರ.

ಅದು ತಕಾವೊಕದ ಎರಕ. 1611ರಲ್ಲಿ ಮಾಯೆದಾ ತೊಶಿನಾಗ ಎಂಬ ಪ್ರಭು ಏಳು ಮಂದಿ ಎರಕದವರನ್ನು ಕರೆಸಿ ನೆಲೆಗೊಳಿಸಿದ ಊರದು. ಮೊದಲು ಅಲ್ಲಿ ಹೊಯ್ದದ್ದು ಕಬ್ಬಿಣದ ಅಡುಗೆಪಾತ್ರೆ, ಬೇಸಾಯದ ಉಪಕರಣ. ತಾಮ್ರ, ಕಂಚುಗಳು ಬಂದದ್ದು ಆಮೇಲೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವ ಕ್ರಮ ಅಲ್ಲಿಯೂ ಉಂಟು. ಅದು ನಮಗೆ ಹೊಸತಲ್ಲ. ಹೊಸತು ಬಣ್ಣದ ವಿದ್ಯೆ.

ನಾವು ಕಿಲುಬೆಂದು ಉಜ್ಜಿ ತೆಗೆಯುವುದನ್ನು ಅವರು ಹದವರಿತು ಬೆಳೆಸುತ್ತಾರೆ. ಇದಕ್ಕೆ ಹಲವು ದಾರಿಗಳಿವೆ. ಒಂದರಲ್ಲಿ ಪಾತ್ರೆಗೆ ತುರಿದ ಮೂಲಂಗಿ ಸವರಿ, ತಾಮ್ರದ ಲವಣ ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ. ಬಳಿದ ಬಣ್ಣವಿಲ್ಲ, ಲೋಹವೇ ತನ್ನೊಳಗಿನದನ್ನು ಮೈಮೇಲೆ ತರುತ್ತದೆ. ತಾಮ್ರಕ್ಕೆ ತುಸು ಚಿನ್ನ ಬೆರೆಸಿದ್ದರೆ ನೇರಳೆ ಛಾಯೆಯ ಕಪ್ಪು, ಇದು 'ಶಾಕುದೊ'. ಕಾಲುಭಾಗ ಬೆಳ್ಳಿಯಿದ್ದರೆ ಬೂದಿಬಣ್ಣ. ಇದು 'ಶಿಬುಯಿಚಿ', ನಾಲ್ಕರಲ್ಲೊಂದು ಎಂದೇ ಅರ್ಥ.

ಈ ಮಿಶ್ರಲೋಹಗಳ ವಿದ್ಯೆ ಪಳಗಿದ್ದು ಖಡ್ಗದ ಒಡವೆಗಳಲ್ಲಿ. 1876ರಲ್ಲಿ ಸೈನಿಕರು, ಪೊಲೀಸರಂಥವರ ಹೊರತು ಯಾರೂ ಖಡ್ಗ ಧರಿಸಬಾರದೆಂಬ ಆಜ್ಞೆ ಬಂತು. ಅನ್ನಕ್ಕೆ ಕುತ್ತು ಬಂದ ಕುಶಲಿಗಳಲ್ಲಿ ಎಷ್ಟೋ ಮಂದಿ ಪಶ್ಚಿಮದ ಕೊಳ್ಳುಗರಿಗಾಗಿ ಹೂದಾನಿ ಮಾಡತೊಡಗಿದರು. ಹಕ್ಕಿ, ಹೂ, ಡ್ರಾಗನ್ನುಗಳು ಕಿಕ್ಕಿರಿದ ಆ ಪಾತ್ರೆಗಳ ಕೈಚಳಕ ಅದ್ಭುತ. ನನಗೆ ಮಾತ್ರ ಅವುಗಳಲ್ಲಿ ಹೂವಿಗೇ ಜಾಗವಿಲ್ಲವೆನ್ನಿಸುತ್ತದೆ.

ಆ ಗದ್ದಲವನ್ನು ಇಳಿಸಿದವರಲ್ಲಿ ತಾಕಾಮುರಾ ತೊಯೊಚಿಕಾ ಮುಖ್ಯರು. ಶಿಲ್ಪಿ ಕೋಉನ್‌ರ ಮಗ, ಕವಿ ಕೋತಾರೋರ ತಮ್ಮ. 1926ರಲ್ಲಿ ಗೆಳೆಯರೊಡನೆ ಕಟ್ಟಿದ ಬಳಗಕ್ಕೆ ಅವರಿಟ್ಟ ಹೆಸರು 'ಮುಕೆಯಿ', ಎಂದರೆ ನಿರಾಕಾರ. ಹಳೆಯ ಅಚ್ಚುಗಳ ಅನುಕರಣೆ ಬೇಡ, ಪಾತ್ರೆ ತನ್ನ ಕಾಲದ್ದಾಗಿರಲಿ ಎಂಬುದು ಆ ಬಳಗದ ಹಟ. 1964ರಲ್ಲಿ ಅವರು 'ಜೀವಂತ ರಾಷ್ಟ್ರನಿಧಿ' ಎನಿಸಿದರು, 1972ರಲ್ಲಿ ತೀರಿಕೊಂಡರು.

ನನ್ನ ಹೂದಾನಿ ಈಗಲೂ ಮೇಜಿನ ಮೇಲಿದೆ. ತಿಕ್ಕುವುದನ್ನು ಬಿಟ್ಟಿದ್ದೇನೆ. ಎರಡು ಮಳೆಗಾಲ ಕಳೆದ ಮೇಲೆ ಕತ್ತಿನ ಬಳಿ ತುಸು ಕಂದು ಮೂಡಿದೆ, ತಕಾವೊಕದ ಕಂದಲ್ಲ.