ಕಚೇರಿಯ ದೂರವಾಣಿ: ಅಂದು ಮತ್ತು ಇಂದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳಲ್ಲಿ ಯಾವುದಾದರೊಂದರ ಪೇಟೆಯಲ್ಲಿ ನಡೆದುಹೋಗುವಾಗ ಹಳೆಯ ಅಂಗಡಿಗಳ ಹೆಸರಿನ ಹಲಗೆಗಳನ್ನು ಗಮನವಿಟ್ಟು ನೋಡಿರಿ. ಹೆಸರಿನ ಕೆಳಗೆ ಸೊನ್ನೆಯಿಂದ ಮೊದಲಾಗುವ ಐದು ಅಂಕೆಗಳೂ, ಬಳಿಕ ಒಂದು ಅಡ್ಡಗೆರೆಯೂ, ಅದರ ಮುಂದೆ ಮತ್ತಷ್ಟು ಅಂಕೆಗಳೂ ಇರುವುದುಂಟು. ಕೂಡ್ಲಿಗಿಯಲ್ಲಿ ಆ ಐದು ಅಂಕೆಗಳು 08391, ಹಗರಿಬೊಮ್ಮನಹಳ್ಳಿಯಲ್ಲಿ 08397, ಹರಪನಹಳ್ಳಿಯಲ್ಲಿ 08398, ಹಡಗಲಿಯಲ್ಲಿ 08399. ಕೊಟ್ಟೂರು ಬಹುಕಾಲ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಊರು, ಅದಕ್ಕೂ 08391. ಬಳ್ಳಾರಿಗೆ 08392, ಹೊಸಪೇಟೆಗೆ 08394. ಮೊದಲಿನ ಸೊನ್ನೆ, ಕರೆಯು ಊರ ಹೊರಗಿನದೆಂದು ಯಂತ್ರಕ್ಕೆ ತಿಳಿಸುವ ಸೂಚನೆ. 839 ಎಂಬುದು ಬಳ್ಳಾರಿ ಸೀಮೆಯ ಗುರುತು. ಕೊನೆಯ ಅಂಕೆ ತಾಲ್ಲೂಕಿನ ಗುರುತು.

ಹರಪನಹಳ್ಳಿಯ ಸಂಗತಿ ಸ್ವಾರಸ್ಯವಾದುದು. ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆ ಬದಲಾದರೂ 08398 ಬದಲಾಗಲಿಲ್ಲ. ಏಕೆಂದರೆ ಆ ಅಂಕೆಗಳು ಅನುಸರಿಸಿದ್ದು ಆಡಳಿತದ ಗಡಿಯನ್ನಲ್ಲ, ತಂತಿಯ ದಾರಿಯನ್ನು. ದೂರವಾಣಿಯ ಸಂಖ್ಯೆ ಎಂದರೆ ಒಂದು ವಿಳಾಸ. ಅದನ್ನು ಅಂಕೆಯಂಕೆಯಾಗಿ ಓದುತ್ತ ಹೋದರೆ ಸೀಮೆ, ತಾಲ್ಲೂಕು, ಊರು, ಕೊನೆಗೆ ಮನೆ ಸಿಕ್ಕುತ್ತಿದ್ದವು.

ಈ ವಿಳಾಸ ಇಂದು ಮೆಲ್ಲಮೆಲ್ಲನೆ ಅಳಿಸಿಹೋಗುತ್ತಿದೆ. ಕಚೇರಿಗಳಲ್ಲಿ ಮಾತು, ಪತ್ರ, ಚಿತ್ರ ಎಲ್ಲವೂ ಒಂದೇ ಜಾಲದೊಳಗೆ ಸೇರುತ್ತಿವೆ. ಇದರಿಂದ ನಮಗೆ ದೊರೆತುದೇನು, ಕೈಬಿಟ್ಟುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ತಂತಿಗಳ ಲೆಕ್ಕ

ಅರವತ್ತು ದೂರವಾಣಿಗಳಿರುವ ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಪ್ರತಿಯೊಂದು ಕೋಣೆಯಿಂದಲೂ ಉಳಿದೆಲ್ಲ ಕೋಣೆಗಳಿಗೆ ನೇರವಾಗಿ ತಂತಿ ಎಳೆಯಬೇಕಾದರೆ ಎಷ್ಟು ಜೋಡಿ ತಂತಿಗಳು ಬೇಕು? 60ನ್ನು 59ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 1770. ಇದರ ಬದಲು ಎಲ್ಲ ತಂತಿಗಳನ್ನೂ ನಡುವಿನ ಒಂದು ಸ್ಥಳಕ್ಕೆ ತಂದು, ಬೇಕಾದ ಇಬ್ಬರನ್ನು ಅಲ್ಲಿ ಜೋಡಿಸುವುದಾದರೆ 60 ಜೋಡಿಗಳೇ ಸಾಕು. ಆ ನಡುವಿನ ಸ್ಥಳವೇ ವಿನಿಮಯ ಕೇಂದ್ರ, ಅಥವಾ ಜನ ಕರೆಯುವಂತೆ ಎಕ್ಸ್‌ಚೇಂಜ್.

ಮೊದಮೊದಲು ಜೋಡಿಸುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತ 1891ರಲ್ಲಿ ಆ ಕೆಲಸ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಈತ ವಿಜ್ಞಾನಿಯಲ್ಲ; ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಈತನ ಕಸುಬು. ಅವನ ಯಂತ್ರದಲ್ಲಿ ನಾವು ತಿರುಗಿಸಿದ ಒಂದೊಂದು ಅಂಕೆಗೂ ಒಂದು ಲೋಹದ ತೋಳು ಅಷ್ಟಷ್ಟೇ ಮೆಟ್ಟಿಲೇರಿ ಮುಂದಿನ ತಂತಿಯನ್ನು ಮುಟ್ಟುತ್ತಿತ್ತು. ಸಂಖ್ಯೆಯು ವಿಳಾಸವಾದುದು ಹೀಗೆ.

ಕಚೇರಿಯೊಳಗೇ ಇರುವ ಇಂತಹ ಸಣ್ಣ ಕೇಂದ್ರಕ್ಕೆ ಖಾಸಗಿ ವಿನಿಮಯ ಕೇಂದ್ರವೆಂದು ಹೆಸರು. ಒಳಗಿನ ಕೋಣೆಗಳ ದೂರವಾಣಿಗಳು ಅದರ ಎಕ್ಸ್‌ಟೆನ್ಶನ್‌ಗಳು. ಊರಿನ ಕೇಂದ್ರದಿಂದ ಕಚೇರಿಗೆ ಬರುವ ತಂತಿಗಳು ಮಾತ್ರ ಬೆರಳೆಣಿಕೆಯಷ್ಟು. ಅವನ್ನು ಎಲ್ಲರೂ ಹಂಚಿಕೊಂಡು ಬಳಸಬೇಕು. ಹೊರಗೆ ಮಾತನಾಡಬೇಕಾದವರು ಮೊದಲು ಸೊನ್ನೆಯನ್ನೋ ಒಂಬತ್ತನ್ನೋ ಒತ್ತಿ, ಬಿಡುವಾಗಿರುವ ಹೊರತಂತಿಯೊಂದನ್ನು ಕೇಳಿ ಪಡೆಯುತ್ತಾರೆ. ಈ ಸೊನ್ನೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಎರ್ಲಾಂಗನ ಗಣಿತ

ಅರವತ್ತು ಜನಕ್ಕೆ ಎಷ್ಟು ಹೊರತಂತಿಗಳು ಸಾಕು? ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು ಇಂತಹ ಪ್ರಶ್ನೆಗಳನ್ನು ಕುರಿತು 1909ರಲ್ಲಿ ಮೊದಲ ಲೇಖನವನ್ನೂ, 1917ರಲ್ಲಿ ತನ್ನ ಪ್ರಸಿದ್ಧ ಸೂತ್ರವನ್ನೂ ಪ್ರಕಟಿಸಿದನು. ನಮ್ಮ ಆಸ್ಪತ್ರೆಯಲ್ಲಿ ಪ್ರತಿಯೊಂದು ಎಕ್ಸ್‌ಟೆನ್ಶನ್ನಿನಿಂದ ಗಂಟೆಗೆ ಸರಾಸರಿ ಮೂರು ನಿಮಿಷ ಹೊರಗೆ ಮಾತು ನಡೆಯುತ್ತದೆ ಎನ್ನೋಣ. ಒಟ್ಟು 180 ನಿಮಿಷ, ಎಂದರೆ ಗಂಟೆಯಲ್ಲಿ ಮೂರು ಗಂಟೆಗಳ ಮಾತು. ಹಾಗಾದರೆ ಮೂರು ತಂತಿಗಳು ಸಾಕಲ್ಲವೆ?

ಸಾಲವು. ಕರೆಗಳು ಸಾಲಾಗಿ ನಿಂತು ಒಂದಾದ ಮೇಲೊಂದು ಬರುವುದಿಲ್ಲ. ಒಮ್ಮೆ ಗುಂಪಾಗಿ ಬರುತ್ತವೆ, ಒಮ್ಮೆ ಬಾರದೆ ಇರುತ್ತವೆ. ಎರ್ಲಾಂಗನ ಸೂತ್ರದಂತೆ ಮೂರು ತಂತಿಗಳಿದ್ದರೆ ನೂರರಲ್ಲಿ ಸುಮಾರು 35 ಕರೆಗಳಿಗೆ ದಾರಿ ಸಿಕ್ಕದು. ಆರು ತಂತಿಗಳಾದರೆ ಹೀಗೆ ಸೋಲುವವು ಸುಮಾರು 5. ಎಂಟಾದರೆ ಒಂದಕ್ಕಿಂತಲೂ ಕಡಿಮೆ. ಅರವತ್ತು ಜನರ ಕೆಲಸ ಎಂಟು ತಂತಿಗಳಲ್ಲಿ ಸುಸೂತ್ರವಾಗಿ ನಡೆಯುತ್ತದೆ! ದೂರವಾಣಿ ಶಾಸ್ತ್ರದ ಮೂಲ ಯುಕ್ತಿ ಹಂಚಿಕೆಯೇ.

ಆದರೆ ಈ ಲೆಕ್ಕದ ಹಿಂದೆ ಒಂದು ಕರಾರು ಇದೆ. ಒಬ್ಬನು ಕರೆಮಾಡುವುದಕ್ಕೂ ಇನ್ನೊಬ್ಬನು ಕರೆಮಾಡುವುದಕ್ಕೂ ಸಂಬಂಧವಿರಬಾರದು. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕೋತ್ಸವವನ್ನು ನೆನೆಯಿರಿ. ಗೊರವಯ್ಯನು ಬಿಲ್ಲನ್ನೇರಿ "ಸದ್ದಲೇ" ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಕಾರ್ಣಿಕದ ಒಂದು ನುಡಿ ಹೊರಬೀಳುತ್ತದೆ. ಮರುಕ್ಷಣವೇ ಆ ನುಡಿಯನ್ನು ಊರಿಗೆ ತಿಳಿಸುವ ಆತುರ ಎಲ್ಲರಿಗೂ. ಅಲ್ಲಿ ಎಲ್ಲರೂ ಕರೆಮಾಡಲು ಕಾರಣ ಒಂದೇ. ಆದುದರಿಂದ ಎರ್ಲಾಂಗನ ಲೆಕ್ಕ ಅಲ್ಲಿ ನಿಲ್ಲದು. ಬೆಂಕಿ, ನೆರೆ, ಅಪಘಾತಗಳ ಹೊತ್ತಿನಲ್ಲೂ ಹೀಗೆಯೇ. ಹಂಚಿಕೊಂಡ ವಸ್ತು ಎಲ್ಲರಿಗೂ ಒಟ್ಟಿಗೆ ಬೇಕಾದಾಗಲೇ ಸಾಲದೆ ಹೋಗುತ್ತದೆ.

ಕಿತ್ತೂರಿನ ಪೆಟ್ಟಿಗೆ

ನಮ್ಮ ನಾಡಿಗೂ ಈ ಯಂತ್ರಗಳಿಗೂ ಹಳೆಯ ನಂಟು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ವಿದೇಶದಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ ಕೇಂದ್ರಗಳು ದೊಡ್ಡ ನಗರಗಳಿಗಾಗಿ ಮಾಡಿದವು. ಅವಕ್ಕೆ ತಂಪುಗೊಳಿಸಿದ ಕೋಣೆ ಬೇಕು. ಬೇಸಗೆಯ ಬಿಸಿಲನ್ನೂ ಧೂಳನ್ನೂ ತಾಳಿಕೊಂಡು, ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಸಣ್ಣ ಕೇಂದ್ರವನ್ನು ಸಿ-ಡಾಟ್ ರೂಪಿಸಿತು. 128 ತಂತಿಗಳನ್ನು ಜೋಡಿಸಬಹುದಾದ ಇಂತಹ ಮೊದಲ ಗ್ರಾಮೀಣ ಸ್ವಯಂಚಾಲಿತ ಕೇಂದ್ರ 1986ರಲ್ಲಿ ಕೆಲಸಕ್ಕೆ ತೊಡಗಿದುದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ.

ಅದೇ 128ರ ವಿನ್ಯಾಸವನ್ನು ಕಚೇರಿಗಳ ಖಾಸಗಿ ಕೇಂದ್ರವಾಗಿಯೂ ಬಳಸಲಾಯಿತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಒಂದು ಹಳ್ಳಿಗೂ ಒಂದು ಕಚೇರಿಗೂ ಯಂತ್ರದ ಕಣ್ಣಿನಲ್ಲಿ ಭೇದವಿಲ್ಲ. ಎರಡೂ ಕಡೆ ಹಲವರು ಒಳಗೆ, ಕೆಲವು ತಂತಿಗಳು ಹೊರಗೆ.

ಮಾತು ಅಂಕೆಯಾದ ಬಗೆ

ಇಂತಹ ಕೇಂದ್ರಗಳಲ್ಲಿ ಮಾತು ಅಂಕೆಗಳ ರೂಪದಲ್ಲಿ ಹರಿಯುತ್ತದೆ. 1938ರಲ್ಲಿ ಅಲೆಕ್ ರೀವ್ಸ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಈ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. ಇಂದಿನ ಪದ್ಧತಿಯಲ್ಲಿ ಧ್ವನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಯನ್ನೂ 256 ಮಟ್ಟಗಳಲ್ಲಿ ಒಂದಕ್ಕೆ ಹೊಂದಿಸಿ, ಸೊನ್ನೆ ಒಂದುಗಳ ಎಂಟು ಸ್ಥಾನಗಳಲ್ಲಿ ಬರೆಯುತ್ತಾರೆ. 8000ವನ್ನು 8ರಿಂದ ಗುಣಿಸಿದರೆ 64,000. ಒಬ್ಬನ ಒಂದು ಸೆಕೆಂಡಿನ ಮಾತು ಎಂದರೆ 64,000 ಬಿಟ್‌ಗಳು.

ಮಾತು ಒಮ್ಮೆ ಅಂಕೆಯಾದ ಮೇಲೆ, ಅಂಕೆಯಾದ ಪತ್ರಕ್ಕೂ ಚಿತ್ರಕ್ಕೂ ಅದಕ್ಕೂ ಬೇರೆ ಬೇರೆ ದಾರಿ ಏತಕ್ಕೆ? ಇಂಟರ್‌ನೆಟ್ಟಿನ ಪದ್ಧತಿಯಲ್ಲಿ ಮಾತನ್ನು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿಗೂ ವಿಳಾಸ ಬರೆದು ಪೊಟ್ಟಣವಾಗಿ ಕಳುಹಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಇಬ್ಬರು ಮಾತನಾಡುವಷ್ಟು ಹೊತ್ತೂ ಒಂದು ದಾರಿ ಅವರಿಗೇ ಮೀಸಲು. ಹೊಸದರಲ್ಲಿ ಮೀಸಲೆಂಬುದಿಲ್ಲ, ಎಲ್ಲರ ಪೊಟ್ಟಣಗಳೂ ಒಂದೇ ಹಾದಿಯಲ್ಲಿ ನುಗ್ಗುತ್ತವೆ. ಆಡಿದ ಮಾತು 150 ಮಿಲಿಸೆಕೆಂಡುಗಳೊಳಗೆ ಆ ಕಡೆಯ ಕಿವಿಯನ್ನು ಮುಟ್ಟಿದರೆ ಸಂಭಾಷಣೆಗೆ ತೊಡಕಿಲ್ಲ. ಅದಕ್ಕಿಂತ ಬಹಳ ತಡವಾದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳತೊಡಗುತ್ತದೆ.

ಹೀಗೆ ಮಾತು, ಪತ್ರ, ಮುಖ ನೋಡಿ ನಡೆಸುವ ಸಭೆ ಎಲ್ಲವನ್ನೂ ಒಂದೇ ಜಾಲದ ಮೇಲೆ ಕೂಡಿಸುವುದಕ್ಕೆ ಏಕೀಕೃತ ಸಂಪರ್ಕ ವ್ಯವಸ್ಥೆ ಎನ್ನುತ್ತಾರೆ. ಇದರ ಅನುಕೂಲ ಸಣ್ಣದಲ್ಲ. ಒಂದು ಸಹಕಾರ ಸಂಘಕ್ಕೆ ಈ ಐದು ಊರುಗಳಲ್ಲೂ ಶಾಖೆಗಳಿದ್ದರೆ ಐದೂ ಒಂದೇ ಕಟ್ಟಡದ ಕೋಣೆಗಳಂತೆ ನಡೆಯಬಹುದು. ಗುಮಾಸ್ತನು ಕೊಟ್ಟೂರಿನ ಮೇಜಿನಲ್ಲಿ ಇಲ್ಲದಿದ್ದರೆ ಅವನಿಗೆ ಬಂದ ಕರೆ ಅವನ ಜೇಬಿನ ಮೊಬೈಲಿನಲ್ಲಿ ಮೊಳಗುತ್ತದೆ. ಜೋಡಿಸುವ ಯಂತ್ರವೂ ಕಚೇರಿಯಲ್ಲಿರಬೇಕಾದುದಿಲ್ಲ. ದೂರದ ನಗರದ ಗಣಕ ಕೇಂದ್ರದಲ್ಲಿದ್ದರೂ ಆದೀತು.

ವಿದ್ಯುತ್ತು ನಿಂತಾಗ

ಹಳೆಯ ದೂರವಾಣಿ, ಮನೆಯ ದೀಪ ಆರಿದರೂ ಮಾತನಾಡುತ್ತಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಮಾತು ಬರುವ ತಾಮ್ರದ ತಂತಿಯಲ್ಲೇ ಬರುತ್ತಿತ್ತು. ವಿನಿಮಯ ಕೇಂದ್ರದಲ್ಲಿ ಎರಡೆರಡು ವೋಲ್ಟಿನ 24 ಬ್ಯಾಟರಿ ಕೋಶಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಒದಗಿಸುತ್ತಿದ್ದರು. ಹೊಸ ಪದ್ಧತಿಯಲ್ಲಿ ದೂರದಿಂದ ಬರುವುದು ಗಾಜಿನ ಎಳೆಯಲ್ಲಿ ಬೆಳಕು. ಬೆಳಕಿನಿಂದ ದೂರವಾಣಿಯನ್ನು ನಡೆಸಲಾಗದು. ವಿದ್ಯುತ್ತನ್ನು ಕಚೇರಿಯೇ ಒದಗಿಸಬೇಕು.

ಲೆಕ್ಕ ಹಾಕೋಣ. ಒಂದು ಉಪಕರಣಕ್ಕೆ 5 ವಾಟ್ ಎಂದರೆ ಅರವತ್ತಕ್ಕೆ 300 ವಾಟ್. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿರುವುದು 1800 ವಾಟ್-ಗಂಟೆ. ಭಾಗಿಸಿದರೆ ಆರು ಗಂಟೆ. ಪರಿವರ್ತನೆಯಲ್ಲಿ ಆಗುವ ನಷ್ಟವನ್ನೂ ಬ್ಯಾಟರಿಯ ಮುಪ್ಪನ್ನೂ ಕಳೆದರೆ ಕೈಗೆ ಸಿಕ್ಕುವುದು ಅದಕ್ಕಿಂತ ಕಡಿಮೆ. ಇನ್ನೊಂದು ಮಾತು: ಗಾಜಿನ ಎಳೆ ಬಂದು ಸೇರುವ ಸಣ್ಣ ಪೆಟ್ಟಿಗೆಗೆ ಬ್ಯಾಟರಿಯ ಆಸರೆ ಇಲ್ಲದಿದ್ದರೆ, ಅರವತ್ತು ದೂರವಾಣಿಗಳಿಗೂ ಇದ್ದು ಫಲವಿಲ್ಲ. ಆ ಹೊತ್ತಿನಲ್ಲಿ ಪತ್ರ ಕಳುಹಿಸೋಣವೆಂದರೆ ಅದಕ್ಕೂ ಅದೇ ಪೆಟ್ಟಿಗೆಯೇ ದಾರಿ. ಕೂಡಿ ನಡೆಯುವುದು ಕೂಡಿಯೇ ನಿಲ್ಲುತ್ತದೆ.

ಕರೆ ಎಲ್ಲಿಂದ ಬಂತು?

ಇದಕ್ಕಿಂತ ಗಹನವಾದ ಪ್ರಶ್ನೆ ವಿಳಾಸದ್ದು. 08399ರಿಂದ ಬಂದ ಕರೆ ಹಡಗಲಿಯದೆಂದು ಯಾರೂ ಹೇಳಬಹುದಾಗಿತ್ತು. ಏಕೀಕೃತ ವ್ಯವಸ್ಥೆಯಲ್ಲಿ ಸಂಖ್ಯೆಯು ಬರಿಯ ಹೆಸರು, ವಿಳಾಸವಲ್ಲ. ಸಂಸ್ಥೆಯ ಹೊರಕರೆಗಳೆಲ್ಲ ಬೆಂಗಳೂರಿನ ಸಂಖ್ಯೆಯಿಂದ ಹೋಗುವಂತೆ ಏರ್ಪಾಡಾಗಿದ್ದರೆ, ಹಡಗಲಿಯ ಶಾಖೆಯಲ್ಲಿ ಬೆಂಕಿ ಬಿದ್ದಾಗ ಮಾಡಿದ ಕರೆಯೂ ಬೆಂಗಳೂರಿನಿಂದ ಬಂದಂತೆ ಕಾಣಬಹುದು. ಕರೆಮಾಡಿದವನಿಗೆ ಊರ ಹೆಸರು ಹೇಳುವಷ್ಟು ಉಸಿರಿದ್ದರೆ ಸರಿ, ಇಲ್ಲದಿದ್ದರೆ?

ಸಂಖ್ಯೆ ಮುಟ್ಟದೆ ಹೋಗುವ ಅಪಾಯವೂ ಉಂಟು. 2013ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಮಾರ್ಷಲ್ ಎಂಬ ಊರಿನ ಹೋಟೆಲೊಂದರಲ್ಲಿ ಒಬ್ಬ ತಾಯಿಯ ಮೇಲೆ ಪ್ರಾಣಾಂತಿಕ ಹಲ್ಲೆ ನಡೆಯಿತು. ಒಂಬತ್ತು ವರ್ಷದ ಮಗಳು ತಾನು ಕಲಿತಿದ್ದಂತೆ ಕೋಣೆಯ ದೂರವಾಣಿಯಿಂದ ತುರ್ತು ಸಂಖ್ಯೆ 911ನ್ನು ನಾಲ್ಕು ಸಲ ಒತ್ತಿದಳು. ಒಂದು ಸಲವೂ ಕರೆ ಹೋಗಲಿಲ್ಲ. ಹೊರತಂತಿಗಾಗಿ ಮೊದಲು ಇನ್ನೊಂದು ಒಂಬತ್ತನ್ನು ಒತ್ತಬೇಕಾಗಿತ್ತು. ಮಗುವಿಗೆ ಅದು ತಿಳಿದಿರಲಿಲ್ಲ. ತಾಯಿ ಉಳಿಯಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ, ಏರ್ಪಾಡು ಮಾಡಿದವರು ಆ ಮಗುವನ್ನು ನೆನೆದಿರಲಿಲ್ಲ. 2018ರಲ್ಲಿ ಅಮೆರಿಕ ಕಾನೂನೊಂದನ್ನು ಮಾಡಿತು: ಹಲವು ಎಕ್ಸ್‌ಟೆನ್ಶನ್‌ಗಳಿರುವ ಹೊಸ ವ್ಯವಸ್ಥೆಗಳಲ್ಲಿ ಯಾವ ಮುನ್ನಂಕೆಯೂ ಇಲ್ಲದೆ ತುರ್ತು ಸಂಖ್ಯೆ ನೇರವಾಗಿ ಮುಟ್ಟಬೇಕು. 2020ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು.

ನಮ್ಮ ದೇಶದ ತುರ್ತು ಸಂಖ್ಯೆ 112. ಹೊಸ ವ್ಯವಸ್ಥೆ ಬೇಡವೆಂದು ನಾವು ಹೇಳುವುದಿಲ್ಲ. ಹಂಚಿಕೊಳ್ಳುವ ಯುಕ್ತಿಯಿಂದಲೇ ದೂರವಾಣಿ ಹಳ್ಳಿಯ ಬಾಗಿಲಿಗೆ ಬಂದಿತು. ಆದರೆ ಹೆಚ್ಚು ಹಂಚಿಕೊಂಡಷ್ಟೂ ಹೆಚ್ಚು ವಿಚಾರಿಸಬೇಕು. ನಿಮ್ಮ ಕಾಲೇಜಿನ ಅಥವಾ ಊರಿನ ಆಸ್ಪತ್ರೆಯ ದೂರವಾಣಿಯನ್ನು ನೋಡಿಕೊಳ್ಳುವವರನ್ನು ಮೂರು ಪ್ರಶ್ನೆ ಕೇಳಿರಿ. ವಿದ್ಯುತ್ತು ನಿಂತರೆ ಇದು ಎಷ್ಟು ಹೊತ್ತು ಮಾತನಾಡುತ್ತದೆ? ಸೊನ್ನೆ ಒತ್ತದೆ 112 ಒತ್ತಿದರೆ ಕರೆ ಹೋಗುವಂತೆ ಏರ್ಪಾಡಿದೆಯೆ? ಹೋದ ಕರೆ ಯಾವ ಊರಿನದೆಂದು ಆ ಕಡೆಯವರಿಗೆ ತೋರುತ್ತದೆ? ಪರೀಕ್ಷಿಸಲೆಂದು ನೀವೇ 112 ಒತ್ತಬಾರದು. ಅದು ಇನ್ನೊಬ್ಬರ ಆಪತ್ತಿನ ದಾರಿಯನ್ನು ಕಟ್ಟಿದಂತೆ. ಕೇಳಿದರೆ ಸಾಕು. ಉತ್ತರ ಸಿಕ್ಕದಿದ್ದರೆ, ಕಾಗದದ ಮೇಲೆ "112" ಎಂದೂ, ಅದನ್ನು ಒತ್ತುವ ಕ್ರಮವನ್ನೂ, ಕಟ್ಟಡದ ಮತ್ತು ಊರಿನ ಹೆಸರನ್ನೂ ದಪ್ಪಕ್ಷರದಲ್ಲಿ ಬರೆಸಿ ಪ್ರತಿಯೊಂದು ದೂರವಾಣಿಯ ಪಕ್ಕದಲ್ಲಿ ಅಂಟಿಸಲು ಹೇಳಿರಿ. ಹಳೆಯ ಸಂಖ್ಯೆ ತಾನಾಗಿಯೇ ಹೇಳುತ್ತಿದ್ದ ವಿಳಾಸವನ್ನು ಇನ್ನು ಮುಂದೆ ನಾವೇ ಹೇಳಬೇಕಾಗಿದೆ.